ನೆಲದ ಮೇಲೆ ಸಾಗಬೇಕಾದ ದೋಣಿ

ಮೇ ತಿಂಗಳು ಮುಗಿಯುವ ಹೊತ್ತಿಗೆ ಮುಂಬಯಿ ಬಂದರಿನ ಹಾಯಿದೋಣಿಗಳು ಒಂದೊಂದಾಗಿ ನೀರು ಬಿಟ್ಟು ದಡ ಸೇರುತ್ತವೆ. ಮಳೆಗಾಲದ ಅರಬ್ಬೀ ಸಮುದ್ರ ಸಣ್ಣ ದೋಣಿಗಳಿಗೆ ತಕ್ಕುದಲ್ಲ. ಮುಂದಿನ ತಿಂಗಳುಗಳನ್ನೆಲ್ಲ ಅವು ಟಾರ್ಪಾಲಿನ್ ಹೊದ್ದು ಕಳೆಯುತ್ತವೆ. ದಖ್ಖನ್ನಿನ ಜಲಾಶಯಗಳು ತುಂಬತೊಡಗುವುದು ಆಗಲೇ. ಪುಣೆಯ ಬಳಿ ಖಡಕ್‌ವಾಸ್ಲಾ ಇದೆ, ಹೈದರಾಬಾದಿನಲ್ಲಿ ಹುಸೇನ್ ಸಾಗರವಿದೆ, ಮೈಸೂರಿನ ಬಳಿ ಕೃಷ್ಣರಾಜಸಾಗರವಿದೆ. ಕಡಲು ಮುಚ್ಚಿದ ಕಾಲದಲ್ಲಿ ಒಳನಾಡಿನ ನೀರು ತೆರೆದಿರುತ್ತದೆ. ನಡುವೆ ಇರುವುದು ಡಾಂಬರು ರಸ್ತೆ ಮಾತ್ರ. ಹಾಯಿ ಬಿಚ್ಚಿ ಗಾಳಿಯಲ್ಲಿ ಸಾಗುವ ವಿದ್ಯೆ ನಮ್ಮಲ್ಲಿ ಕೆಲವೇ ಜನರ ಸೊತ್ತಾಗಿ ಉಳಿದಿರುವುದಕ್ಕೆ ನೀರಿನ ಕೊರತೆಯನ್ನು ದೂರಿ ಪ್ರಯೋಜನವಿಲ್ಲ. ಒಂದು ನೀರಿನಿಂದ ಇನ್ನೊಂದಕ್ಕೆ ದೋಣಿಯನ್ನು ಒಯ್ಯುವ ಅನುಕೂಲವನ್ನು ನಾವು ಕಟ್ಟಿಕೊಂಡಿಲ್ಲ ಎಂಬುದನ್ನು ಮೊದಲು ನೋಡಬೇಕು.

ಹಗುರ ದೋಣಿಗಳು ಈಗಲೂ ಊರೂರು ಸುತ್ತುತ್ತವೆ. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿಯ ತೂಕ 35 ಕಿಲೋ. ಇಬ್ಬರು ಎತ್ತಿ ವಾಹನದ ಮೇಲಿಡಬಹುದು. ಆದರೆ ಅಂಥ ದೋಣಿ ಜೋರು ಗಾಳಿಗೆ ಮಗುಚುತ್ತದೆ. ಮಗುಚಿದ್ದನ್ನು ನೀರಿನಲ್ಲಿ ಈಜುತ್ತಲೇ ನೆಟ್ಟಗೆ ಮಾಡುವ ಮೈಕಸುವು ಹತ್ತು ಹದಿನೈದರ ಪ್ರಾಯದವರಿಗೆ ಸಹಜ, ಐವತ್ತು ದಾಟಿದವರಿಗಲ್ಲ. ಕೀಲ್ ಇರುವ ದೋಣಿಯ ಸ್ವಭಾವ ಬೇರೆ. ಕೀಲ್ ಎಂದರೆ ದೋಣಿಯ ತಳದಿಂದ ನೀರಿನೊಳಗೆ ಇಳಿದಿರುವ ಭಾರವಾದ ಲೋಹದ ಅಲಗು. ದೋಣಿ ಎಷ್ಟೇ ವಾಲಿದರೂ ಆ ಭಾರ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ಎಳೆಯುತ್ತಲೇ ಇರುತ್ತದೆ. 2000ದ ಸಿಡ್ನಿಯಿಂದ 2016ರ ರಿಯೋವರೆಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ನಡೆದ ಹಾಯಿದೋಣಿ ಸ್ಪರ್ಧೆಗಳಿಗೆ ಕೀಲ್ ದೋಣಿಗಳನ್ನೇ ಆರಿಸಿದ್ದರ ಹಿಂದಿನ ತರ್ಕವೂ ಇದೇ. ವಯಸ್ಸಾದವರು, ಅಂಗವೈಕಲ್ಯವುಳ್ಳವರು, ನೀರಿಗೆ ಅಂಜುವ ಹೊಸಬರು ಹಾಯಿಯ ಸುಖವನ್ನು ಕಾಣಬೇಕಾದರೆ ಈ ದೋಣಿ ಅವರ ಊರಿನ ನೀರಿಗೆ ಬರಬೇಕು.

ಬರುವುದು ಸುಲಭವಲ್ಲ. ನೀರಿನಲ್ಲಿ ದೋಣಿಯನ್ನು ಕಾಯುವ ಕೀಲ್ ನೆಲದ ಮೇಲೆ ತೊಡಕಾಗುತ್ತದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜೆ-24 ಎಂಬ ದೋಣಿಯನ್ನೇ ನೋಡಿ. ಅಮೆರಿಕದ ರಾಡ್ ಜಾನ್‌ಸ್ಟನ್ ವಿನ್ಯಾಸದ ಈ ದೋಣಿ 1977ರಿಂದ ತಯಾರಾಗುತ್ತಿದೆ. ಉದ್ದ 24 ಅಡಿ, ತೂಕ ಸುಮಾರು 1,400 ಕಿಲೋ. ಅದರಲ್ಲಿ 430 ಕಿಲೋ ಸ್ಥಿರತೆಗೆಂದೇ ಇಟ್ಟ ಭಾರ. ಇದನ್ನು ಲಾರಿಯ ಮೇಲೆ ಹಳೆಯ ಟೈರುಗಳ ನಡುವೆ ಒರಗಿಸಿ ಹಗ್ಗ ಬಿಗಿದರೆ ತೆಳುವಾದ ಒಡಲಿನ ಮೇಲೆ ಇಡೀ ತೂಕ ಬೀಳುತ್ತದೆ. ಊರು ಮುಟ್ಟುವ ಮೊದಲೇ ಬಿರುಕು ಕಾಣಿಸಿಕೊಳ್ಳಬಹುದು. ಸರಿಯಾದ ಟ್ರೇಲರಿನಲ್ಲಿ ದೋಣಿ ತನ್ನ ಕೀಲ್‌ನ ಮೇಲೆ ನಿಲ್ಲುತ್ತದೆ. ಪಕ್ಕದ ಮೆತ್ತೆಗಳು ವಾಲದಂತೆ ತಡೆಯಲು ಮಾತ್ರ. ಒಟ್ಟು ತೂಕದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಎಳೆಯುವ ವಾಹನದ ಕೊಂಡಿಯ ಮೇಲೆ ಕೂರಬೇಕು. ಅದಕ್ಕಿಂತ ತೀರ ಕಡಿಮೆಯಾದರೆ ಘಟ್ಟದ ಇಳಿಜಾರಿನಲ್ಲಿ ಟ್ರೇಲರ್ ಹಾವಿನಂತೆ ಹೊರಳಾಡುತ್ತದೆ. ಇಷ್ಟು ಭಾರದ ಟ್ರೇಲರಿಗೆ ತನ್ನದೇ ಬ್ರೇಕ್ ಬೇಕು. ಹಾಯಿ ಕಟ್ಟುವ ಕೂವೆಮರವನ್ನು ಬಿಚ್ಚಿ ಮಲಗಿಸಬೇಕು. ದಡದಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸುವಾಗ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ನೋಡದವನು ಜೀವವನ್ನೇ ಕಳೆದುಕೊಳ್ಳಬಹುದು, ಏಕೆಂದರೆ ಅದು ಅಲ್ಯೂಮಿನಿಯಮ್.

ಇವೆಲ್ಲ ಕಲಿತರೆ ಬರುವ ಕೆಲಸಗಳು. ಕಲಿತರೂ ದಾಟಲಾಗದ ತೊಡಕು ಅಗಲದ್ದು. ಜೆ-24ರ ಮೂಲ ದೋಣಿಯನ್ನು ಜಾನ್‌ಸ್ಟನ್ ತನ್ನ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ. ಅದರ ಅಗಲವನ್ನು ತೀರ್ಮಾನಿಸಿದ್ದು ಆ ಗ್ಯಾರೇಜೇ ಎಂಬ ಮಾತು ಪ್ರಸಿದ್ಧ. ಆ ಅಗಲ 2.71 ಮೀಟರ್. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನದ ಅಗಲಕ್ಕೆ ಇಟ್ಟಿರುವ ಮಿತಿ 2.6 ಮೀಟರ್. ಹನ್ನೊಂದು ಸೆಂಟಿಮೀಟರಿನ ಈ ಹೆಚ್ಚಳದಿಂದಾಗಿ ದೋಣಿಯೊಂದು ಕಾರ್ಖಾನೆಯ ಬೃಹತ್ ಯಂತ್ರಗಳ ಸಾಲಿಗೆ ಸೇರಿ ವಿಶೇಷ ಅನುಮತಿಗೆ ಕಾಯಬೇಕಾಗುತ್ತದೆ. ನಿಯಮವನ್ನು ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಕಿರಿದಾದ ನಮ್ಮ ರಸ್ತೆಗಳಲ್ಲಿ ಎದುರು ಬರುವವನ ಜೀವವೂ ಅಮೂಲ್ಯ. ಎರಡೂವರೆ ಮೀಟರಿನೊಳಗಿನ, ಕೀಲನ್ನು ಮೇಲಕ್ಕೆಳೆದುಕೊಳ್ಳಬಲ್ಲ ದೋಣಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಹೊಸ ದೋಣಿ ಕೊಳ್ಳುವ ಸಂಘಗಳು ವೇಗದ ಜೊತೆಗೆ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ ಎಂಬುದಷ್ಟೇ ನನ್ನ ವಾದ.

ಇದು ಸಿರಿವಂತರ ಆಟ, ನಮಗೇಕೆ ಈ ಚಿಂತೆ ಎಂದು ಕೇಳುವವರುಂಟು. ಸಿರಿವಂತರ ಆಟವಾಗಿ ಉಳಿದಿರುವುದೇ ದೋಣಿ ಕದಲದಿರುವುದರಿಂದ. ಒಂದೇ ಕಡೆ ನಿಲ್ಲುವ ದೋಣಿಗೆ ಲಂಗರು ಹಾಕುವ ಜಾಗ ಬೇಕು, ಅದಕ್ಕೆ ಪ್ರತಿಷ್ಠಿತ ಕ್ಲಬ್ಬಿನ ಸದಸ್ಯತ್ವ ಬೇಕು, ವರ್ಷವಿಡೀ ಕಾವಲಿನ ಖರ್ಚು ಬೇಕು. ಟ್ರೇಲರಿನ ಮೇಲೆ ಸಾಗಬಲ್ಲ ಹಳೆಯ ದೋಣಿಯೊಂದನ್ನು ಐದಾರು ಮನೆಯವರು ಪಾಲಿನಲ್ಲಿ ಕೊಂಡು, ಯಾರದೋ ಹಿತ್ತಿಲಲ್ಲಿ ಇಟ್ಟುಕೊಳ್ಳಬಹುದು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ಜಲಾಶಯದ ನೀರು ಕುಡಿಯುವುದಕ್ಕೂ ಬೇಸಾಯಕ್ಕೂ ಮೀಸಲು. ಅಲ್ಲಿಗೆ ಹೊರಗಿನ ದೋಣಿಗಳನ್ನು ಬಿಡಬಹುದೇ? ಉತ್ತರ ಅಮೆರಿಕದ ಕೆರೆಗಳಲ್ಲಿ ಜೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ ಊರಿಂದೂರಿಗೆ ಹರಡಿದ್ದಕ್ಕೆ ಟ್ರೇಲರಿನಲ್ಲಿ ಸಾಗಿದ ದೋಣಿಗಳೂ ಕಾರಣವಾದವು. ಅಂತರಗಂಗೆಯ ಹಾವಳಿ ಕಂಡಿರುವ ನಾವು ಈ ಎಚ್ಚರಿಕೆಯನ್ನು ಹಗುರವಾಗಿ ಕಾಣಬಾರದು. ಹಾಯಿಯಲ್ಲಷ್ಟೇ ಸಾಗಬೇಕು, ಎಂಜಿನ್ ಓಡಿಸಬಾರದು. ಬೇರೆ ನೀರಿನಿಂದ ಬಂದ ದೋಣಿಯನ್ನೂ ಟ್ರೇಲರನ್ನೂ ತೊಳೆದು ಒಣಗಿಸಿದ ಮೇಲೆಯೇ ಇಳಿಸಬೇಕು ಎಂಬ ಎರಡು ಕಟ್ಟಳೆಗಳನ್ನು ಕಡ್ಡಾಯ ಮಾಡಬೇಕು. ಸಮುದ್ರದ ಉಪ್ಪು ಚಕ್ರದ ಬೇರಿಂಗುಗಳನ್ನು ತಿನ್ನುವುದರಿಂದ ಸಿಹಿನೀರಿನಲ್ಲಿ ತೊಳೆಯುವುದು ಟ್ರೇಲರಿಗೂ ಒಳ್ಳೆಯದೇ.

ಸರಕಾರದಿಂದ ಬೇಕಾಗಿರುವುದು ದೊಡ್ಡ ಮೊತ್ತವಲ್ಲ. ಜಲಾಶಯದ ದಡದಲ್ಲಿ, ವಿದ್ಯುತ್ ತಂತಿಗಳಿಂದ ದೂರವಾಗಿ, ಒಂದು ಕಾಂಕ್ರೀಟ್ ಇಳಿಜಾರು. ಕೀಲ್‌ನ ಆಳಕ್ಕೆ ಇಳಿಜಾರು ಸಾಲದ ಕಡೆ ಎರಡು ಟನ್ ಎತ್ತಬಲ್ಲ ಕ್ರೇನ್. ತೊಳೆಯಲು ನೀರಿನ ಕೊಳವೆ. ಸಣ್ಣ ಶುಲ್ಕ ಕೊಟ್ಟ ಯಾರಿಗಾದರೂ ಪ್ರವೇಶ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ನಮ್ಮಂಥವರು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಕನ್ನಂಬಾಡಿಯ ನೀರನ್ನು ನೋಡಿ ಹಿಂದಿರುಗುತ್ತೇವೆ. ಆ ಹಿನ್ನೀರಿನ ಒಂದು ಮೂಲೆಯಲ್ಲಿ ಇಂಥ ಇಳಿಜಾರೊಂದು ಬೇಕೆಂಬ ಬೇಡಿಕೆಯನ್ನು ಅಲ್ಲಿನ ಜನಪ್ರತಿನಿಧಿಗಳ ಮುಂದಿಡಲು ಊರಿನಲ್ಲಿ ಮತವಿಲ್ಲದ ನಮಗೂ ಬಾಯಿ ಇದೆ.