ಗೇರು ತೊಡಕಿದಾಗ

ರೋಗಿಯ ನಾಡಿ ಹಿಡಿಯದೆ ಶಸ್ತ್ರಚಿಕಿತ್ಸೆಯ ಮಾತೆತ್ತುವ ವೈದ್ಯನನ್ನು ನಾವಾರೂ ನಂಬುವುದಿಲ್ಲ. ಆದರೆ ಹಳೆಯ ಕಾರಿನ ಆಟೋಮ್ಯಾಟಿಕ್ ಗೇರು ತೊಡಕಿತೆಂದರೆ, "ಗೇರ್‌ಬಾಕ್ಸೇ ಹೋಯಿತು, ಬದಲಾಯಿಸಿ" ಎಂಬ ಮಾತು ನಮಗೆ ವೇದವಾಕ್ಯವಾಗಿಬಿಡುತ್ತದೆ.

ಇಂಥ ಗಾಡಿ ಎಲ್ಲರಿಗೂ ಷೋಕಿಯ ವಸ್ತುವಲ್ಲ. ದೊಡ್ಡಬಳ್ಳಾಪುರದ ನನ್ನ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಬಾಲ್ಯದಲ್ಲಿ ಪೋಲಿಯೋ ತಗಲಿ ಎಡಗಾಲು ಸೋತಿದೆ. ಕ್ಲಚ್ಚು ತುಳಿಯಬೇಕಿಲ್ಲದ ಅವರ ಹಳೆಯ ಕಾರೇ ಅವರಿಗೆ ಕಾಲು. ಅದು ಬೆಳಗ್ಗೆ ಗೇರಿಗೆ ಹಾಕಿದ ಮೇಲೆ ಎರಡು ಮೂರು ಕ್ಷಣ ತಡೆದು, ಆಮೇಲೆ ಜಗ್ಗಿ ಹೊರಡತೊಡಗಿತು. ನಂದಿಯ ಏರಿನಲ್ಲಿ ಎಂಜಿನ್ನು ಅಬ್ಬರಿಸಿದರೂ ವೇಗ ಏರದು. ಒಂದು ಗ್ಯಾರೇಜಿನವರು ಗೇರ್‌ಬಾಕ್ಸನ್ನೇ ಬದಲಾಯಿಸಬೇಕೆಂದರು. ಆ ಖರ್ಚು ಪಿಂಚಣಿಗೆ ನಿಲುಕುವಂಥದಲ್ಲ.

ಇದರ ಮರ್ಮ ಎಣ್ಣೆಯಲ್ಲಿದೆ. ಎಂಜಿನ್ನಿಗೂ ಗೇರಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರಿನ ಮೂಲತತ್ತ್ವವನ್ನು ಜರ್ಮನಿಯ ಹರ್ಮನ್ ಫಟಿಂಗರ್ 1905ರಲ್ಲಿ ಹಡಗುಗಳಿಗಾಗಿ ರೂಪಿಸಿದನು. ಒಂದು ಚಕ್ರದ ಅಲಗುಗಳು ಎಣ್ಣೆಯನ್ನು ತಳ್ಳುತ್ತವೆ. ಅದರ ರಭಸಕ್ಕೆ ಎದುರಿನ ಚಕ್ರ ತಿರುಗುತ್ತದೆ. ಒಳಗಿನ ಕ್ಲಚ್ ಬಿಲ್ಲೆಗಳನ್ನು ಅದುಮಿ ಗೇರು ಬದಲಿಸುವುದೂ ಎಣ್ಣೆಯ ಒತ್ತಡವೇ. ಎಣ್ಣೆ ತಗ್ಗಿದರೆ ಹಿಡಿತ ಸಡಿಲವಾಗುವುದು ಸಹಜ.

ಮತ್ತೊಬ್ಬ ಮೆಕ್ಯಾನಿಕ್ ಮೊದಲು ಅಳತೆಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಗುರುತಿಗಿಂತ ಬಹಳ ಕೆಳಗಿತ್ತು. ಆದರೆ ಬಣ್ಣ ಕೆಂಪಾಗಿಯೇ ಇತ್ತು, ಸುಟ್ಟ ವಾಸನೆಯಿರಲಿಲ್ಲ. ಅಂದರೆ ಬಿಲ್ಲೆಗಳಿನ್ನೂ ಕ್ಷೇಮ. ಎಣ್ಣೆ ತಂಪಾಗಿಸುವ ಕೊಳವೆಯ ರಬ್ಬರು ಸೀಳಿ ಸೋರುತ್ತಿತ್ತು. ಆ ಕೊಳವೆ, ಹೊಸ ಫಿಲ್ಟರು, ಹೊಸ ಎಣ್ಣೆ. ಇಷ್ಟಕ್ಕೇ ಗಾಡಿ ಮೊದಲಿನಂತಾಯಿತು.

ಎಲ್ಲ ಪ್ರಸಂಗಗಳೂ ಇಷ್ಟು ಸುಲಭವಲ್ಲ. ಎಣ್ಣೆ ಕಪ್ಪಿಟ್ಟು ಸುಟ್ಟ ನಾತ ಬರುತ್ತಿದ್ದರೆ ಬಿಲ್ಲೆಗಳು ಸವೆದಿರುವ ಸಂಭವ ಹೆಚ್ಚು. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ರೇಡಿಯೇಟರಿನ ನೀರು ಸೇರಿರಬಹುದು. ಆಗ ಗಾಡಿ ಓಡಿಸಲೇಬಾರದು. ಹಳೆಯ ಮಾದರಿಗಳಲ್ಲಿ ಗೇರು ತಡವಾಗಿ ಏರುತ್ತಿದ್ದರೆ ಆಕ್ಸಿಲರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲನ್ನು ಸರಿಪಡಿಸಿದರೆ ಸಾಕಾಗುವುದುಂಟು. ಗೇರು ಬದಲಾಗುವಾಗ ಗುದ್ದಿದಂತಾದರೆ ಎಂಜಿನ್ ಕೂರುವ ರಬ್ಬರನ್ನೂ ನೋಡತಕ್ಕದ್ದು. ಒಂದೇ ಗೇರಿನಲ್ಲಿ ನಿಂತುಬಿಟ್ಟರೆ, ವಿದ್ಯುನ್ಮಾನ ನಿಯಂತ್ರಣದ ಕಾರುಗಳಲ್ಲಿ, ಸ್ಕ್ಯಾನರಿನಿಂದ ದೋಷದ ಸಂಕೇತವನ್ನು ಓದಿಸಬೇಕು. ಒಂದು ವಯರಿನ ದೋಷವೂ ಇದಕ್ಕೆ ಕಾರಣವಾಗಬಲ್ಲದು.

2014ರಲ್ಲಿ ಸೆಲೆರಿಯೊ ಕಾರಿನೊಡನೆ ನಮ್ಮ ದೇಶಕ್ಕೆ ಬಂದ ಎ.ಎಂ.ಟಿ.ಯ ಜಾತಿಯೇ ಬೇರೆ. ಅದರಲ್ಲಿರುವುದು ಸಾಧಾರಣ ಕ್ಲಚ್ಚೇ. ಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಮೇಲಿನ ಎಣ್ಣೆಯ ಲಕ್ಷಣಗಳು ಅದಕ್ಕೆ ಅನ್ವಯಿಸವು.

ಎಣ್ಣೆ ನೋಡುವುದಕ್ಕೂ ಕ್ರಮವುಂಟು. ಸಾಮಾನ್ಯವಾಗಿ ಗಾಡಿ ಸಮತಟ್ಟಾದ ಜಾಗದಲ್ಲಿ, ಎಣ್ಣೆ ಬಿಸಿಯಾಗಿ, ಎಂಜಿನ್ನು ಓಡುತ್ತಿರಬೇಕು. ಕೆಲವು ಮಾದರಿಗಳಲ್ಲಿ ಎಂಜಿನ್ನು ನಿಲ್ಲಿಸಿ ನೋಡಬೇಕು. ಇನ್ನು ಕೆಲವಕ್ಕೆ ಅಳತೆಕಡ್ಡಿಯೇ ಇರುವುದಿಲ್ಲ. ಕಾರಿನ ಕೈಪಿಡಿಯೇ ಇಲ್ಲಿ ಪ್ರಮಾಣ. ಅದು ಹೇಳಿದ ಎಣ್ಣೆಯನ್ನಲ್ಲದೆ ಬೇರೆಯದನ್ನು ಸುರಿಯಬಾರದು. ಕೆಟ್ಟು ನಿಂತ ಗಾಡಿಯನ್ನು ಎಂಜಿನ್ನು ತಿರುಗಿಸುವ ಚಕ್ರಗಳು ನೆಲಕ್ಕೆ ತಾಗುವಂತೆ ಎಳೆಸಲೂ ಬಾರದು.

ದೊಡ್ಡ ಖರ್ಚಿಗೆ ಒಪ್ಪುವ ಮುನ್ನ ಮೂರು ಪ್ರಶ್ನೆ ಕೇಳಿ: ಎಣ್ಣೆ ಎಷ್ಟಿದೆ? ಬಣ್ಣ ಹೇಗಿದೆ? ಎಲ್ಲಿ ಸೋರುತ್ತಿದೆ? ಉತ್ತರ ಕೊಡಲಾರದವರ ಕೈಗೆ ಗಾಡಿಯ ಕೀಲಿಯನ್ನು ಕೊಡದಿರುವುದು ಲೇಸು.