ದಡಾರ ಬಂದು ಹೋಗ್ಲಿ ಬಿಡು ಅಂತೀರಾ?

ಮೊನ್ನೆ ಊರಿಗೆ ಹೋದಾಗ ಗೊತ್ತಾಯ್ತು, ಅಕ್ಕ ಮಗನಿಗೆ ದಡಾರದ ಚುಚ್ಚುಮದ್ದು ಹಾಕಿಸೇ ಇಲ್ಲ. "ಬಂದು ಹೋಗ್ಲಿ ಬಿಡೋ, ಮೈ ಗಟ್ಟಿಯಾಗತ್ತೆ" ಅಂದ್ಲು. ನಂಗೆ ಸಿಟ್ಟೇ ಬಂತು.

ಗಟ್ಟಿಯಾಗೋದೆಲ್ಲಿಂದ? ಹಿಂದೆ ಕಂಡ ರೋಗಾಣುಗಳ ಗುರುತು ಇಟ್ಕೊಳ್ಳೋ ಮೆಮೊರಿ ಕೋಶಗಳು ನಮ್ಮ ಮೈಯಲ್ಲಿವೆಯಲ್ಲ, ದಡಾರದ ವೈರಸ್ ನುಗ್ಗೋದೇ ಅವಕ್ಕೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಲಸಿಕೆ ಹಾಕಿಸದ ನೆದರ್ಲೆಂಡ್ಸಿನ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆ, ಆಮೇಲೆ ಹೋಲಿಸಿ ನೋಡಿದ್ರು. ಮೊದಲಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ಮಾಯ! ದಡಾರ ಮತ್ತೆ ಬರಲ್ಲ, ನಿಜ. ಆದ್ರೆ ಬೇರೆ ರೋಗಗಳ ಬ್ಯಾಕಪ್ಪೇ ಅಳಿಸಿ ಹೋದ್ರೆ? (ನಮ್ಮ ಆಫೀಸಲ್ಲಾಗಿದ್ರೆ ಕೆಲಸ ಹೋಗ್ತಿತ್ತು.) ಲಸಿಕೆ ಹೀಗೆ ಅಳಿಸಲ್ಲ.

"ಸೂಜಿ ಹಾಕಿದ್ರೆ ಜ್ವರ ಬರತ್ತಲ್ಲೋ..." ಅಂದ್ಲು ಅಕ್ಕ. ಬರಬಹುದು, ಒಂದೆರಡು ದಿನ ನೋಡ್ಕೊಳ್ಳೋಣ ಅಂದೆ.

ಗುರುವಾರ ಕರ್ಕೊಂಡು ಹೋಗ್ತಾಳಂತೆ. ಬುಧವಾರ ರಾತ್ರಿ ಫೋನ್ ಮಾಡ್ತೀನಿ.