ರೇಡಿಯೇಟರಿಗೆ ಬಾಟಲಿ ಔಷಧಿ ಸುರಿಯೋ ಮುಂಚೆ

ಮೊನ್ನೆ ಸಾಯಂಕಾಲ ಡೇರಿಗೆ ಹಾಲು ಹಾಕಿ ಬರುವಾಗ ನಮ್ಮೂರ ಹುಡುಗನೊಬ್ಬ ತಡೆದು ನಿಲ್ಲಿಸಿದ. ಎಳನೀರು ಸಾಗಿಸೋಕೆ ಅಂತ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದಾನೆ. ಕೈಯಲ್ಲೊಂದು ಬಾಟಲಿ. "ಅಣ್ಣ, ಗಾಡಿ ನೀರು ಕುಡೀತೈತೆ. ಮೆಕ್ಯಾನಿಕ್ಕು ಹೆಡ್ ಗ್ಯಾಸ್ಕೆಟ್ ಹೋಗೈತೆ, ಹೆಡ್ ಬಿಚ್ಚಬೇಕು ಅಂತಾನೆ. ಇದನ್ನ ರೇಡಿಯೇಟರಿಗೆ ಸುರಿದ್ರೆ ಬಿಚ್ಚೋದೇ ಬ್ಯಾಡ ಅಂತ ಅಂಗಡಿಯೋನು ಕೊಟ್ಟವ್ನೆ. ನೀವೂ ಹೋದ್ ವರ್ಷ ಹಾಕಿದ್ರಂತಲ್ಲ, ಹೆಂಗೆ?" ಅಂದ.

ಹೌದು, ಹಾಕಿದ್ದೆ. ಅವನಿಗೆ ರಸ್ತೆ ಮೇಲೆ ನಿಂತು ಅರ್ಧ ಹೇಳಿದೆ, ಉಳಿದರ್ಧ ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ನಮ್ಮ ಕಡೆ ಮನೆಗೊಂದು ಹಳೇ ಗಾಡಿ ಇದೆ, ಎಲ್ಲರ ಕಷ್ಟವೂ ಒಂದೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಔಷಧಿ ಪೂರ್ತಿ ಮೋಸ ಅಲ್ಲ. ಆದರೆ ಅದು ರಿಪೇರಿಯೂ ಅಲ್ಲ. ಅದು ಸಾಲ. ಕೈಸಾಲ ತಗೊಂಡೋನು ತೀರಿಸೋ ದಿನ ಗೊತ್ತಿಟ್ಟುಕೊಂಡು ತಗೊಂಡರೆ ಬದುಕ್ತಾನೆ, ಮರೆತರೆ ಬಡ್ಡಿ ಕಟ್ತಾನೆ. ನಾನು ಮರೆತೆ.

ಹೆಡ್ ಗ್ಯಾಸ್ಕೆಟ್ ಅಂದ್ರೆ ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರೋ ತೆಳ್ಳನೆ ಹಾಳೆ. ಒಂದೇ ಹಾಳೆ ಮೂರು ಕೆಲಸ ಮಾಡಬೇಕು: ಸಿಲಿಂಡರಿನ ಬೆಂಕಿ ಸಿಲಿಂಡರಲ್ಲೇ ಇರಬೇಕು, ನೀರು ನೀರಿನ ದಾರಿಯಲ್ಲೇ ಹೋಗಬೇಕು, ಆಯಿಲ್ ಆಯಿಲಿನ ದಾರಿಯಲ್ಲೇ ಹೋಗಬೇಕು. ನಮ್ಮ ಕಾರಿನ ಟೈರಿಗೆ ಸುಮಾರು 30 ಪಿಎಸ್‌ಐ ಗಾಳಿ ಹಿಡಿಸ್ತೀವಿ. ರೇಡಿಯೇಟರ್ ಮುಚ್ಚಳ ತಡೆಯೋದು ಅದರ ಅರ್ಧ, 13ರಿಂದ 15. ಆದರೆ ಪೆಟ್ರೋಲು ಹೊತ್ತಿದ ಗಳಿಗೆಯಲ್ಲಿ ಸಿಲಿಂಡರಿನೊಳಗೆ ಒತ್ತಡ ನೂರಾರು ಪಿಎಸ್‌ಐ, ಬೆಂಕಿಯ ಬಿಸಿ 2000 ಡಿಗ್ರಿ ದಾಟುತ್ತೆ. ಡೀಸೆಲ್ ಇಂಜಿನ್ನಲ್ಲಿ ಒತ್ತಡ ಇನ್ನೂ ಜಾಸ್ತಿ. ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಔಷಧಿ ಎಲ್ಲಿ ನಿಲ್ಲುತ್ತೆ, ಎಲ್ಲಿ ನಿಲ್ಲಲ್ಲ ಅನ್ನೋದು ತಾನಾಗೇ ಗೊತ್ತಾಗುತ್ತೆ.

ಬಾಟಲಿಯಲ್ಲಿ ಇರೋದೇನು? ಹಲವು ಬಾಟಲಿಗಳಲ್ಲಿ ಇರೋದು ಸೋಡಿಯಂ ಸಿಲಿಕೇಟ್. ವಾಟರ್ ಗ್ಲಾಸ್ ಅಂತಲೂ ಕರೀತಾರೆ. ಜೊತೆಗೆ ತಾಮ್ರದ ಪುಡಿಯೋ, ನಾರಿನ ಚೂರೋ ಇರುತ್ತೆ. ನೀರಿನ ಜೊತೆ ಸುತ್ತಾಡ್ತಾ, ಸೋರೋ ಬಿರುಕಿನ ಹತ್ತಿರ ಬಿಸಿ ತಗುಲಿದಾಗ ನೀರು ಆರಿ ಅದು ಗಾಜಿನ ಥರ ಗಟ್ಟಿಯಾಗುತ್ತೆ. ಹಳೇ ಲಾರಿ ಡ್ರೈವರುಗಳು ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕ್ತಿದ್ದರಲ್ಲ, ಟ್ಯಾಂಕ್ ಸೋರಿದರೆ ಸೋಪು ಮೆತ್ತುತ್ತಿದ್ದರಲ್ಲ, ಅದೇ ವಿದ್ಯೆ. ಅವರು ಅದನ್ನ ಹಾಕ್ತಿದ್ದದ್ದು ಮುಂದಿನ ಊರಿನ ಗ್ಯಾರೇಜ್ ಮುಟ್ಟೋಕೆ. ವರ್ಷಗಟ್ಟಲೆ ಓಡಿಸೋಕೆ ಅಲ್ಲ.

ಈಗ ನನ್ನ ಕಥೆ. ನಮ್ಮ ವ್ಯಾನು ದಿನಾ ಬೆಳಗ್ಗೆ ಅರ್ಧ ಲೀಟರ್ ನೀರು ಕೇಳೋಕೆ ಶುರು ಮಾಡಿತು. ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಮೆಕ್ಯಾನಿಕ್ ಎಂಟು ಸಾವಿರ ಹೇಳಿದ. ಆಗ ತಾನೇ ಬೋರಿನ ಮೋಟರ್ ಎತ್ತಿಸಿ ಕೈ ಖಾಲಿಯಾಗಿತ್ತು. 600 ರೂಪಾಯಿ ಬಾಟಲಿ ತಂದು ಸುರಿದೆ. ಸುಳ್ಳು ಯಾಕೆ ಹೇಳಲಿ, ಕೆಲಸ ಮಾಡಿತು. ನೀರು ಕುಡಿಯೋದು ನಿಂತಿತು. ಮೆಕ್ಯಾನಿಕ್ಕಿಗಿಂತ ನಾನೇ ಬುದ್ಧಿವಂತ ಅಂತ ಎರಡು ತಿಂಗಳು ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ. ಮುಂದೆ ಕೊಬ್ಬರಿ ಮಾರಿದ ದುಡ್ಡು ಬಂತು. ಆವಾಗ ಹೆಡ್ ಬಿಚ್ಚಿಸಬಹುದಿತ್ತು. ಓಡ್ತಿದೆಯಲ್ಲ, ಬಿಡು ಅಂದೆ. ತಪ್ಪಾಗಿದ್ದು ಇಲ್ಲಿ.

ನಾಲ್ಕನೇ ತಿಂಗಳು ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ತುಮಕೂರಿನಿಂದ ತಿಪಟೂರಿನ ಕಡೆ ಬರ್ತಿದ್ದೆವು. ಗುಬ್ಬಿ ದಾಟಿ ನಿಟ್ಟೂರು ಇನ್ನೂ ಸಿಕ್ಕಿರಲಿಲ್ಲ, ಬಿಸಿ ತೋರಿಸೋ ಮುಳ್ಳು ಮೇಲಕ್ಕೆ ಹತ್ತಿತು. ಇನ್ನೊಂದು ಸ್ವಲ್ಪ ದೂರ, ಕೆ.ಬಿ. ಕ್ರಾಸ್ ತನಕ ಹೋಗಿಬಿಡೋಣ ಅಂತ ಎಳೆದೆ. ಇಂಜಿನ್ ಕಟಕಟ ಅಂತ ನಿಂತೇಹೋಯ್ತು. ಮಧ್ಯಾಹ್ನದ ಬಿಸಿಲು, ಹೆದ್ದಾರಿ ಧೂಳು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಎಪ್ಪತ್ತಾರು ವರ್ಷದ ಅಮ್ಮ. ಧೂಳು ಬೀಳಿಸಬೇಡಿ ಅಂತ ಡಾಕ್ಟರು ಬೆಳಗ್ಗೆ ತಾನೇ ಹೇಳಿ ಕಳಿಸಿದ್ದರು. ಸೀರೆ ಸೆರಗು ಮುಖಕ್ಕೆ ಮುಚ್ಚಿಕೊಂಡು ಹುಣಸೇಮರದ ಕೆಳಗೆ ಒಂದೂವರೆ ಗಂಟೆ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೆಡ್ ಬಿಚ್ಚಿದಾಗ ನೋಡಿದೆ. ಗ್ಯಾಸ್ಕೆಟ್ ಎರಡು ಸಿಲಿಂಡರಿನ ನಡುವೆ ಸುಟ್ಟು ಕರಕಲಾಗಿತ್ತು. ಹೆಡ್ ಡೊಂಕಾಗಿತ್ತು. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೆಸರಿನ ಥರ ಗಟ್ಟಿ, ಅದರಲ್ಲಿ ತಾಮ್ರದ ಮಿಣುಕು. ಟೋಯಿಂಗಿಗೆ 2,500, ಹೊಸ ರೇಡಿಯೇಟರಿಗೆ 3,800, ಹೆಡ್ ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್ ಸೆಟ್, ಹೊಸ ಬೋಲ್ಟು, ಕೂಲೆಂಟು, ಕೂಲಿ ಎಲ್ಲಾ ಸೇರಿ 11,200. ಒಟ್ಟು 17,500. ಎಂಟು ಸಾವಿರದಲ್ಲಿ ಆಗೋ ಕೆಲಸ. ಬಾಟಲಿ ದುಡ್ಡೂ ಸೇರಿಸಿದರೆ ನಾಲ್ಕು ತಿಂಗಳಿಗೆ ಹತ್ತು ಸಾವಿರ ಬಡ್ಡಿ.

ಹಾಗಂತ ಎಲ್ಲಾ ಬಾಟಲಿ ತಲೆಗೆ ಕಟ್ಟಲ್ಲ. ಮುಳ್ಳು ಮೇಲೆ ಹೋದಾಗಲೂ ಗಾಡಿ ಎಳೆದೋನು ನಾನು. ಅಲ್ಯೂಮಿನಿಯಂ ಹೆಡ್ಡು ಬೀಡಿನ ಬ್ಲಾಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ, ಅತಿ ಬಿಸಿಯಾದರೆ ಡೊಂಕಾಗುತ್ತೆ. ಡೊಂಕಾದ ಹೆಡ್ಡನ್ನ ನೆಟ್ಟಗೆ ಮಾಡೋ ಔಷಧಿ ಯಾವ ಬಾಟಲಿಯಲ್ಲೂ ಇಲ್ಲ.

ಇದೇ ಸೋಡಿಯಂ ಸಿಲಿಕೇಟಿನ ಇನ್ನೊಂದು ಮುಖ ಕೇಳಿ. 2009ರಲ್ಲಿ ಅಮೆರಿಕ ಸರ್ಕಾರ ಜಾಸ್ತಿ ಪೆಟ್ರೋಲ್ ಕುಡಿಯೋ ಹಳೇ ಕಾರುಗಳನ್ನ ಗುಜರಿಗೆ ಹಾಕೋ ಯೋಜನೆ ತಂದಿತ್ತು. ಆ ಇಂಜಿನ್ನು ಮತ್ತೆ ಯಾರೂ ಬಳಸಬಾರದು ಅಂತ ಆಯಿಲ್ ಇಳಿಸಿ, ಆ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಸ್ಟಾರ್ಟ್ ಮಾಡ್ತಿದ್ದರು. ಸ್ವಲ್ಪ ಹೊತ್ತಿಗೆ ಇಂಜಿನ್ ಜಾಮ್ ಆಗಿ ಸಾಯ್ತಿತ್ತು. ರೇಡಿಯೇಟರಿಗೆ ಹಾಕೋದೂ ಆಯಿಲಿಗೆ ಹಾಕೋದೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ನಿಮ್ಮ ಗ್ಯಾಸ್ಕೆಟ್ ನೀರನ್ನ ಆಯಿಲಿಗೇ ಬಿಡ್ತಿದ್ದರೆ, ನೀವು ಸುರಿದ ಔಷಧಿಗೂ ಅದೇ ದಾರಿ.

ಅದಕ್ಕೇ ಬಾಟಲಿ ಬಿಚ್ಚೋ ಮುಂಚೆ ಖಾಯಿಲೆ ಯಾವುದು ಅಂತ ನೋಡಿ. ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಆಯಿಲ್ ಮುಚ್ಚಳ ತೆಗೆದು, ಡಿಪ್ ಸ್ಟಿಕ್ಕೂ ಎಳೆದು ನೋಡಿ. ಆಯಿಲು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಗಾಡಿ ಅಲ್ಲೇ ನಿಲ್ಲಿಸಿ, ಗ್ಯಾರೇಜಿಗೂ ಓಡಿಸಬೇಡಿ, ಬೇರಿಂಗ್ ಹೋಗುತ್ತೆ. ಇನ್ನು ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿ. ನೀರಲ್ಲಿ ಗುಳ್ಳೆ ಒಂದೇ ಸಮ ಏಳ್ತಿದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ತಿದೆ. ಅಲ್ಲಿ ನೂರಾರು ಪಿಎಸ್‌ಐ ಲೆಕ್ಕ, ಔಷಧಿ ಹೆಚ್ಚು ದಿನ ನಿಲ್ಲಲ್ಲ. ಬಿಸಿ ಇಂಜಿನ್ನಿನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಮುಖ ಸುಟ್ಟುಹೋಗುತ್ತೆ. ಸೈಲೆನ್ಸರಲ್ಲಿ ಚಳಿಗಾಲದ ಬೆಳಗ್ಗೆ ಸ್ವಲ್ಪ ಬಿಳಿ ಹಬೆ ಬರೋದು ಸಹಜ. ಇಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರ್ತಿದ್ದರೆ ಅನುಮಾನ ಪಡಿ.

ಇನ್ನೊಂದು ಮಾತು. ಬಿಸಿಯಾದ ತಕ್ಷಣ ಗ್ಯಾಸ್ಕೆಟ್ ಅನ್ನಬೇಡಿ. ರೇಡಿಯೇಟರ್ ಮುಚ್ಚಳದ ರಬ್ಬರು, ಥರ್ಮೋಸ್ಟಾಟ್ ವಾಲ್ವು, ಫ್ಯಾನು, ವಾಟರ್ ಪಂಪು, ಪೈಪಿನ ಕ್ಲಿಪ್ಪು, ಇವನ್ನೆಲ್ಲ ಮೊದಲು ನೋಡಿಸಿ. ಇನ್ನೂರು ರೂಪಾಯಿ ಮುಚ್ಚಳದ ತಪ್ಪಿಗೆ ಔಷಧಿ ಸುರಿದು ಒಳ್ಳೇ ರೇಡಿಯೇಟರ್ ಕಟ್ಟಿಸ್ಕೊಂಡವರೂ ಇದ್ದಾರೆ. ಟ್ರ್ಯಾಕ್ಟರ್ ಆಯಿಲಲ್ಲಿ ನೀರು ಕಂಡರಂತೂ ಗ್ಯಾಸ್ಕೆಟ್ಟೇ ಆಗಿರಬೇಕಿಲ್ಲ, ಲೈನರಿನ ಕೆಳಗಿನ ರಬ್ಬರ್ ರಿಂಗೂ ಇರಬಹುದು. ಉಳುಮೆ ಕಾಲದಲ್ಲಿ ನಂಬಿಕೊಂಡ ಟ್ರ್ಯಾಕ್ಟರಿಗೆ ಈ ಔಷಧಿ ಬೇಡವೇ ಬೇಡ ಅನ್ನೋದು ನನ್ನ ಮಾತು.

ಹಂಗಾದ್ರೆ ಯಾವಾಗ ಹಾಕಬಹುದು? ನೀರು ಸಣ್ಣಗೆ ಜಿನುಗುತ್ತಿರಬೇಕು, ಆಯಿಲಿಗೆ ಸೇರಿರಬಾರದು, ಗಾಡಿ ಹತ್ತಿರದ ಓಡಾಟಕ್ಕೆ ಮಾತ್ರ ಇರಬೇಕು, ದುಡ್ಡು ಬರೋ ದಿನ ಗೊತ್ತಿರಬೇಕು. ಇಲ್ಲಾ ಗಾಡಿ ಬೆಲೆಯೇ ರಿಪೇರಿಗಿಂತ ಕಮ್ಮಿ ಇದ್ದು, ಹೆಂಗೂ ಗುಜರಿಗೆ ಹೋಗೋದಾಗಿರಬೇಕು. ಹಾಕೋದಾದರೆ ಡಬ್ಬಿ ಮೇಲಿರೋದು ಓದಿಸಿಕೊಂಡು ಹಾಕಿ. ಕೆಲವು ಔಷಧಿ ಕೂಲೆಂಟ್ ಜೊತೆ ಸೇರಿದರೆ ಗೊಜ್ಜಾಗುತ್ತೆ, ಮೊದಲು ಪೂರ್ತಿ ತೊಳೆದು ಬರೀ ನೀರಲ್ಲಿ ಹಾಕಬೇಕು. ಇಳಿಸಿದ ಕೂಲೆಂಟನ್ನ ಅಂಗಳಕ್ಕೆ ಚೆಲ್ಲಬೇಡಿ. ಸಿಹಿಯಾಗಿರುತ್ತೆ, ನಾಯಿ ದನ ನೆಕ್ಕಿದರೆ ವಿಷ.

ಈಗ ನನಗೆ ನಿಜವಾಗಲೂ ಹೇಳಬೇಕಾಗಿರೋದು. ಗಾಡಿ ಗ್ಯಾರೇಜಲ್ಲಿದ್ದಾಗ ನಮ್ಮ ಸಂಬಂಧಿಕರೊಬ್ಬರು ಬಂದು, "ಇಷ್ಟು ದುಡ್ಡು ಯಾಕೆ ಸುರೀತೀಯ, ಹೆಂಗೋ ಜೋಡಿಸಿ ಇನ್ನೊಂದು ಬಾಟಲಿ ಹಾಕಿಸಿ ಮಾರಿಬಿಡು, ತಗೊಳ್ಳೋನಿಗೆ ಏನು ಗೊತ್ತಾಗುತ್ತೆ" ಅಂದರು. ಒಂದು ರಾತ್ರಿ ಯೋಚನೆ ಮಾಡಿದೆ ಅನ್ನೋದನ್ನ ಮುಚ್ಚಿಡಲ್ಲ. ನಮ್ಮಲ್ಲಿ ಹಿಂದಿನ ದಿನ ಹಾಲು ಕರೆಯದೆ ಕೆಚ್ಚಲು ಬಿಗಿಸಿ ಹಸುವನ್ನ ಸಂತೆಗೆ ಹೊಡೀತಾರಲ್ಲ, ಅಂಥವರಿಗೆ ನಾವೇ ಏನಂತೀವಿ? ಆ ಹಸು ತಂದು ಮಾರನೇ ದಿನ ಚೊಂಬು ಹಿಡಿದು ಕೂತವನ ಮುಖ ನಾವೆಲ್ಲ ನೋಡಿದ್ದೀವಿ. ಗಾಡಿ ತಗೊಳ್ಳೋನೂ ನಮ್ಮಂಥ ರೈತನೇ. ಅವನೂ ಒಂದು ದಿನ ಅವನ ತಾಯಿಯನ್ನ ಅದರಲ್ಲಿ ಕೂರಿಸಿಕೊಂಡು ಹೋಗ್ತಾನೆ. ಔಷಧಿ ಹಾಕಿದ ಗಾಡಿ ಮಾರೋದಾದರೆ ಹೇಳಿ ಮಾರಿ, ಬೆಲೆ ಇಳಿಸಿ ಮಾರಿ.

ಕೊನೆಗೆ, ಈ ಖಾಯಿಲೆ ಬರೋದೇ ನಮ್ಮ ಕೈಯಿಂದ. ನಮ್ಮ ಬೋರಿನ ಗಡಸು ನೀರಿಗೆ ಬಿಂದಿಗೆ ತಳದಲ್ಲೇ ಬಿಳೀ ಪದರ ಕಟ್ಟುತ್ತೆ. ಅದೇ ನೀರನ್ನ ರೇಡಿಯೇಟರಿಗೆ ಸುರೀತೀವಿ. ಕೊಳವೆ ಕಟ್ಟುತ್ತೆ, ಇಂಜಿನ್ ಕಾಯುತ್ತೆ, ಗ್ಯಾಸ್ಕೆಟ್ ಸುಡುತ್ತೆ. ಕೂಲೆಂಟು, ಡಿಸ್ಟಿಲ್ಡ್ ವಾಟರ್ ಸಮ ಸಮ ಹಾಕಿಸಿ. ಮುಳ್ಳು ಮೇಲೆ ಹೋದರೆ ಮರದ ನೆರಳಲ್ಲ, ರಸ್ತೆ ಪಕ್ಕ ಸಿಕ್ಕ ಜಾಗದಲ್ಲೇ ಆಫ್ ಮಾಡಿ.

ಆ ಹುಡುಗನ ಆಯಿಲ್ ಮುಚ್ಚಳ ನಿನ್ನೆ ಬೆಳಗ್ಗೆ ನಾನೇ ಹೋಗಿ ತೆಗೆದು ನೋಡಿದೆ. ಕಾಫಿ ಬಣ್ಣ. ಬಾಟಲಿ ಸೀಲ್ ಒಡೆದಿರಲಿಲ್ಲ, ಅಂಗಡಿಗೆ ವಾಪಸ್ ಕೊಟ್ಟು ಬಂದ. ಹೆಡ್ ಬಿಚ್ಚಿಸೋಕೆ ದುಡ್ಡು ಸಾಲದು, ಸೊಸೈಟಿಯಲ್ಲಿ ಕೇಳ್ತೀನಿ ಅಂದಿದ್ದಾನೆ. ಅದೂ ಸಾಲವೇ. ಆದರೆ ಅದರ ಕಂತು ಯಾವತ್ತು ಕಟ್ಟಬೇಕು ಅಂತ ಪಾಸ್ ಬುಕ್ಕಲ್ಲಿ ಬರೆದಿರುತ್ತೆ.